ಹಾವು ಕಚ್ಚಿದವರು ಬಂದಾಗ: ತಾಲ್ಲೂಕು ಆಸ್ಪತ್ರೆಯ ಡ್ಯೂಟಿ ವೈದ್ಯರಿಗೆ

ಮುಂಗಾರು ಹಿಡಿದು ಗದ್ದೆಯ ಕೆಲಸ ಶುರುವಾಯಿತೆಂದರೆ ತಾಲ್ಲೂಕು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಹಾವು ಕಚ್ಚಿದವರು ಬರುವುದು ಹೆಚ್ಚುತ್ತದೆ. ಹೊಸದಾಗಿ ಡ್ಯೂಟಿಗೆ ಸೇರಿದ ವೈದ್ಯರಿಗೆ ಆಗ ಮೊದಲು ಹೊಳೆಯುವುದು ರೋಗಿಯನ್ನು ಜಿಲ್ಲಾ ಆಸ್ಪತ್ರೆಗೆ ಕಳುಹಿಸಿಬಿಡುವ ಆಲೋಚನೆ. ವಿಷದ ಲಕ್ಷಣ ಕಾಣಿಸಿಕೊಂಡಿರುವ ರೋಗಿಗೆ ಪ್ರತಿವಿಷದ ಮೊದಲ ಡೋಸ್ ಕೊಡದೆ ಆಂಬುಲೆನ್ಸ್ ಹತ್ತಿಸಬೇಡಿ. ಅವರ ಪ್ರಾಣ ಉಳಿಸುವ ಗಂಟೆ ನಿಮ್ಮ ಆಸ್ಪತ್ರೆಯಲ್ಲಿಯೇ ಕಳೆಯುತ್ತಿರುತ್ತದೆ.

ಉಸಿರಾಟ, ನಾಡಿ ಮತ್ತು ರಕ್ತದೊತ್ತಡವನ್ನು ನೋಡಿದ ನಂತರವೇ ಗಾಯದ ಕಡೆ ಕಣ್ಣು ಹಾಯಿಸಿ. ನಮ್ಮ ಹಳ್ಳಿಗಳಲ್ಲಿ ಅನೇಕರು ಹಾವಿನ ಹೆಸರೆತ್ತಲು ಅಂಜಿ ‘ಹುಳ ಮುಟ್ಟಿದೆ’ ಎನ್ನುತ್ತಾರೆ. ಆ ಮಾತನ್ನು ಕೇಳಿ ಜೇಡವೋ ಜರಿಯೋ ಎಂದು ಭಾವಿಸಿ ಸುಮ್ಮನಾಗಬಾರದು. ಯಾವ ಹಾವೆಂದು ತಿಳಿಯುವವರೆಗೆ ಕಾಯುವ ಅಗತ್ಯವಿಲ್ಲ, ಹಾವನ್ನು ಹಿಡಿದು ತನ್ನಿರೆಂದು ಮನೆಯವರನ್ನು ಕಳುಹಿಸಲೂ ಬಾರದು, ಏಕೆಂದರೆ ನಮ್ಮಲ್ಲಿರುವ ಪ್ರತಿವಿಷವಾದ ಎಎಸ್‌ವಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಔಷಧ. ಕಾಲಿಗೆ ಹಗ್ಗವನ್ನೋ ಟವೆಲನ್ನೋ ಬಿಗಿದು ತಂದಿದ್ದರೆ ಅದನ್ನು ತಕ್ಷಣ ಕತ್ತರಿಸಬೇಡಿ. ತಡೆದು ನಿಂತಿದ್ದ ವಿಷ ಒಮ್ಮೆಗೇ ಮೈಗೇರಿ ಉಸಿರು ಕಟ್ಟಬಹುದು, ಇಲ್ಲವೇ ರಕ್ತದೊತ್ತಡ ಕುಸಿಯಬಹುದು. ಮೊದಲು ಡ್ರಿಪ್ ಹಾಕಿ, ಎಎಸ್‌ವಿ ಮತ್ತು ಕೈಯಲ್ಲಿ ಒತ್ತಿ ಉಸಿರು ಕೊಡುವ ಆಂಬು ಬ್ಯಾಗನ್ನು ಹತ್ತಿರವಿಟ್ಟುಕೊಂಡು, ಕಟ್ಟನ್ನು ನಿಧಾನವಾಗಿ ಸಡಿಲಿಸಿ.

ಅತಿ ಹೆಚ್ಚು ಮೋಸ ಮಾಡುವುದು ಕಟ್ಟುಹಾವು. ಅದು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವಿರುವುದಿಲ್ಲ, ಊತವಿರುವುದಿಲ್ಲ, ಎಷ್ಟೋ ಸಲ ಹಲ್ಲಿನ ಗುರುತೂ ಸಿಗುವುದಿಲ್ಲ. ಒಂದು ಬೆಳಗಿನ ಜಾವ ಹೊಟ್ಟೆನೋವೆಂದು ಬಂದ ಹೆಂಗಸೊಬ್ಬರಿಗೆ ಗ್ಯಾಸ್ಟ್ರಿಕ್ ಇಂಜೆಕ್ಷನ್ ಬರೆಯಲು ನಾನು ಪೆನ್ನು ಎತ್ತಿದ್ದೆ. ಜೊತೆಯಲ್ಲಿದ್ದ ಅತ್ತೆ, “ರಾತ್ರಿಯೆಲ್ಲ ಒದ್ದಾಡಿದಾಳೆ ಡಾಕ್ಟ್ರೇ, ಅದಕ್ಕೇ ಇನ್ನೂ ನಿದ್ದೆಗಣ್ಣು” ಎಂದರು. ಮೇಲೆ ನೋಡಮ್ಮ ಎಂದಾಗ ಆಕೆ ಹಣೆಯನ್ನು ಸುಕ್ಕುಗಟ್ಟಿಸಿ ಎಷ್ಟು ಪ್ರಯತ್ನಿಸಿದರೂ ರೆಪ್ಪೆಗಳು ಪಾಪೆಯ ಅರ್ಧದಿಂದ ಮೇಲಕ್ಕೆ ಏಳಲಿಲ್ಲ. ಅದು ನಿದ್ದೆಯಾಗಿರಲಿಲ್ಲ, ವಿಷವಾಗಿತ್ತು. ಅಂದಿನಿಂದ ಮುಂಜಾವದಲ್ಲಿ ಕಾರಣವಿಲ್ಲದ ಹೊಟ್ಟೆನೋವೆಂದು ಬಂದ ಪ್ರತಿಯೊಬ್ಬರನ್ನೂ ನಾನು ಎಲ್ಲಿ ಮಲಗಿದ್ದಿರಿ ಎಂದು ಕೇಳುತ್ತೇನೆ, ರೆಪ್ಪೆಯನ್ನು ನೋಡುತ್ತೇನೆ, ತಲೆ ಎತ್ತಿಸುತ್ತೇನೆ, ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸಬಲ್ಲರೆಂದು ಬರೆದಿಡುತ್ತೇನೆ. ಅರ್ಧ ಗಂಟೆಯ ನಂತರ ಆ ಎಣಿಕೆ ಇಳಿದಿದ್ದರೆ ಉಸಿರಾಟದ ಸ್ನಾಯುಗಳು ಸೋಲುತ್ತಿವೆ ಎಂದರ್ಥ.

ಮಂಡಲದ ವಿಷ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನು ಕೆಡಿಸುತ್ತದೆ. ಅದನ್ನು ತಿಳಿಯಲು ದೊಡ್ಡ ಲ್ಯಾಬ್ ಬೇಡ. ಒಂದು ಗಾಜಿನ ಟೆಸ್ಟ್ ಟ್ಯೂಬ್ ಸಾಕು. ಹೊಸದಾದ, ಒಣಗಿದ ಗಾಜಿನ ಟ್ಯೂಬಿಗೆ ಎರಡು ಮಿ.ಲೀ. ರಕ್ತ ಹಾಕಿ, ರೋಗಿಯ ಪಕ್ಕದಲ್ಲಿಯೇ ನೆಟ್ಟಗೆ ನಿಲ್ಲಿಸಿ, ಗಡಿಯಾರ ನೋಡಿ 20 ನಿಮಿಷ ಯಾರೂ ಮುಟ್ಟದಂತೆ ಕಾಯಿರಿ. ಬಳಿಕ ಒಮ್ಮೆ ಮಾತ್ರ ಓರೆ ಮಾಡಿ: ಗಟ್ಟಿಯಾಗಿ ಕಚ್ಚಿ ನಿಂತರೆ ಸರಿ, ನೀರಿನಂತೆ ಹರಿದರೆ ವಿಷವೇರಿದೆ. ಪ್ಲಾಸ್ಟಿಕ್ ಟ್ಯೂಬಾಗಲಿ ಸೋಪಿನ ಪುಡಿಯಲ್ಲಿ ತೊಳೆದ ಟ್ಯೂಬಾಗಲಿ ಸುಳ್ಳು ಫಲಿತಾಂಶ ಕೊಡುತ್ತದೆ. ಆದ್ದರಿಂದ ಡ್ಯೂಟಿಗೆ ಬಂದೊಡನೆ ಎರಡು ಹೊಸ ಗಾಜಿನ ಟ್ಯೂಬುಗಳು ಎಲ್ಲಿವೆಯೆಂದು ಸ್ಟಾಫ್ ನರ್ಸ್ ಅವರನ್ನು ಕೇಳಿ ತಿಳಿದುಕೊಳ್ಳಿ.

ರೆಪ್ಪೆ ಜೋತಿದ್ದರೆ, ರಕ್ತ ಹೆಪ್ಪುಗಟ್ಟದಿದ್ದರೆ, ಒಸಡಿನಲ್ಲೋ ಮೂತ್ರದಲ್ಲೋ ರಕ್ತ ಕಂಡರೆ ಅಥವಾ ಊತ ಬೇಗ ಬೇಗ ಮೇಲೇರುತ್ತಿದ್ದರೆ ಎಎಸ್‌ವಿ ಆರಂಭಿಸಬೇಕು. ಲಕ್ಷಣವೇ ಇಲ್ಲದವರಿಗೆ ಅದು ಬೇಡ, ಆದರೆ 24 ಗಂಟೆ ನಿಗಾದಲ್ಲಿಡಿ. ಮೊದಲ ಡೋಸ್ 10 ವಯಲ್ (ಪುಡಿಯ ಸಣ್ಣ ಸೀಸೆ). ಪುಡಿಯನ್ನು ಕುಲುಕದೆ, ನೊರೆ ಬಾರದಂತೆ ತಿರುಗಿಸಿ ಕರಗಿಸಿ, ಸಲೈನಿಗೆ ಸೇರಿಸಿ, ಸುಮಾರು ಒಂದು ಗಂಟೆಯಲ್ಲಿ ಇಳಿಯುವಂತೆ ಕೊಡಿ. ಹಾವು ಮಗುವೆಂದು ವಿಷವನ್ನು ಕಡಿಮೆ ಬಿಡುವುದಿಲ್ಲವಾದ್ದರಿಂದ ಮಕ್ಕಳಿಗೂ ಅಷ್ಟೇ ಡೋಸ್, ಗರ್ಭಿಣಿಯರಿಗೂ ಅಷ್ಟೇ. ಅಲರ್ಜಿ ಆಗುವುದೇ ಎಂದು ತಿಳಿಯಲು ಚರ್ಮದ ಪರೀಕ್ಷಾ ಡೋಸ್ ಕೊಡುವ ಹಳೆಯ ರೂಢಿಯಿಂದ ಪ್ರಯೋಜನವಿಲ್ಲ. ಅದರ ಬದಲು ಅಡ್ರಿನಲಿನ್ ಅನ್ನು ಸಿರಿಂಜಿನಲ್ಲಿ ತುಂಬಿ ತಲೆಯ ಬಳಿ ಇಟ್ಟುಕೊಳ್ಳಿ. ಡ್ರಿಪ್ ಹರಿಯುವಾಗ ಮೈ ತುರಿಕೆ, ದದ್ದು, ಚಳಿನಡುಕ, ವಾಂತಿ, ಉಬ್ಬಸ ಯಾವುದು ಕಂಡರೂ ಅದನ್ನು ನಿಲ್ಲಿಸಿ, ವಯಸ್ಕರಿಗೆ 0.5 ಮಿ.ಗ್ರಾಂ. ಅಡ್ರಿನಲಿನ್ ಅನ್ನು ತೊಡೆಯ ಹೊರಬದಿಯ ಸ್ನಾಯುವಿಗೆ ಕೊಡಿ. ರೋಗಿ ಚೇತರಿಸಿಕೊಂಡ ಮೇಲೆ ಎಎಸ್‌ವಿಯನ್ನು ನಿಧಾನವಾಗಿ ಮುಂದುವರಿಸಿ; ರಿಯಾಕ್ಷನ್ ಆಯಿತೆಂದು ಅಲ್ಲಿಗೇ ಕೈಬಿಡಬಾರದು.

ನಾಗರಹಾವಿನ ಕಡಿತದಲ್ಲಿ ಸೋತ ಸ್ನಾಯುಗಳಿಗೆ ಬಲ ಮರಳಿಸಲು ಅಟ್ರೋಪಿನ್ ಜೊತೆಗೆ ಕೊಡುವ ನಿಯೋಸ್ಟಿಗ್ಮಿನ್ ಚೆನ್ನಾಗಿ ನೆರವಾಗುತ್ತದೆ. ಕಟ್ಟುಹಾವಿನ ವಿಷ ನರದ ತುದಿಯನ್ನೇ ಹಾಳುಮಾಡುವುದರಿಂದ ಅಲ್ಲಿ ಅದರ ಮೇಲೆ ಹೆಚ್ಚು ಭರವಸೆ ಬೇಡ, ಉಸಿರು ಕೊಡುವುದೇ ಚಿಕಿತ್ಸೆ. ವೆಂಟಿಲೇಟರ್ ಇಲ್ಲದಿದ್ದರೆ ಆಂಬು ಬ್ಯಾಗ್ ಒತ್ತುತ್ತಾ ಹೋದರೂ ಜೀವ ಉಳಿಯುತ್ತದೆ. ಕಣ್ಣು ಬಿಡಲಾಗದೆ, ಕೈ ಆಡಿಸಲಾಗದೆ ಮಲಗಿರುವ ಆ ವ್ಯಕ್ತಿಗೆ ನಿಮ್ಮ ಮಾತು ಕೇಳಿಸುತ್ತಿರುತ್ತದೆ, ಹೆಸರು ಹಿಡಿದು ಧೈರ್ಯ ಹೇಳಿ. ಕಳುಹಿಸಲೇಬೇಕಾದರೆ 108ರಲ್ಲಿ ಆಂಬು ಬ್ಯಾಗ್ ಒತ್ತಬಲ್ಲವರನ್ನು ಕೂರಿಸಿ, ಕಚ್ಚಿದ ಸಮಯ, ಟ್ಯೂಬಿನ ಫಲಿತಾಂಶ ಮತ್ತು ಕೊಟ್ಟ ವಯಲ್‌ಗಳ ಸಂಖ್ಯೆಯನ್ನು ಬರೆದುಕೊಟ್ಟು, ಅಲ್ಲಿನ ವೈದ್ಯರಿಗೆ ಫೋನ್ ಮಾಡಿ.

ಉಳಿಸಿಕೊಂಡವರಲ್ಲಿ ಟ್ಯೂಬಿನ ಪರೀಕ್ಷೆಯನ್ನು ಆರು ಗಂಟೆಯ ನಂತರ ಮತ್ತೆ ಮಾಡಿ, ಏಕೆಂದರೆ ಹೆಪ್ಪುಗಟ್ಟಿಸುವ ಅಂಶಗಳನ್ನು ಯಕೃತ್ತು ಪುನಃ ತಯಾರಿಸಲು ಅಷ್ಟು ಹೊತ್ತು ಬೇಕು. ನೋವಿಗೆ ಪ್ಯಾರಾಸಿಟಮಾಲ್ ಸಾಕು, ಧನುರ್ವಾಯು ತಡೆಯುವ ಚುಚ್ಚುಮದ್ದನ್ನು ರಕ್ತ ಸರಿಯಾಗಿ ಹೆಪ್ಪುಗಟ್ಟಿದ ಮೇಲೆಯೇ ಕೊಡಿ. ಕರ್ನಾಟಕದಲ್ಲಿ ಹಾವು ಕಡಿತವನ್ನು 2024ರಲ್ಲಿ ಅಧಿಸೂಚಿತ ಕಾಯಿಲೆಯೆಂದು ಘೋಷಿಸಲಾಗಿರುವುದರಿಂದ ಪ್ರಕರಣವನ್ನು ತಪ್ಪದೆ ವರದಿ ಮಾಡಬೇಕು. ಮನೆಗೆ ಕಳುಹಿಸುವಾಗ, ಒಂದೆರಡು ವಾರಗಳಲ್ಲಿ ಜ್ವರ, ಕೀಲುನೋವು, ದದ್ದು ಕಂಡರೆ ಅಥವಾ ಮೂತ್ರ ಕಡಿಮೆಯಾದರೆ ಮರಳಿ ಬರಬೇಕೆಂದು ರೋಗಿಗಷ್ಟೇ ಅಲ್ಲದೆ ಮನೆಯವರಿಗೂ ಹೇಳಿ, ಮಂಚದ ಮೇಲೆ ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ ಮಲಗುವಂತೆ ತಿಳಿಸಿ.