ಹಳದಿ ಕಣ್ಣಿನ ರಾಕ್‌ಫಿಶ್ ಗಾಳಕ್ಕೆ ಸಿಕ್ಕರೆ ಏನು ಮಾಡಬೇಕು?

ಸಿಯಾಟಲ್, ಪೋರ್ಟ್‌ಲ್ಯಾಂಡ್, ಸ್ಯಾನ್ ಫ್ರಾನ್ಸಿಸ್ಕೋ ಕಡೆ ನೆಲೆಸಿರುವ ಕನ್ನಡಿಗರೇ, ರಜೆಯಲ್ಲಿ ದೋಣಿ ಹತ್ತಿ ಗಾಳ ಹಾಕುವ ಆಸೆಯಿದ್ದರೆ ಇದನ್ನು ಓದಿಕೊಂಡೇ ಹೊರಡಿ. ಅಲ್ಲಿನ ಪೆಸಿಫಿಕ್ ಕಡಲಲ್ಲಿ ರಾಕ್‌ಫಿಶ್ ಧಾರಾಳವಾಗಿ ಸಿಗುತ್ತದೆ. ಆದರೆ ‘ಯೆಲ್ಲೋಐ’ ಎಂಬ ಜಾತಿಯನ್ನು ವಾಷಿಂಗ್ಟನ್, ಆರೆಗನ್, ಕ್ಯಾಲಿಫೋರ್ನಿಯಾ ಮೂರೂ ರಾಜ್ಯಗಳಲ್ಲಿ ಹವ್ಯಾಸಿ ಮೀನುಗಾರರು ಇಟ್ಟುಕೊಳ್ಳುವಂತಿಲ್ಲ. ಇದು ನೂರು ವರ್ಷಕ್ಕೂ ಜಾಸ್ತಿ ಬದುಕುವ ಮೀನು. ಮರಿ ಹಾಕುವ ವಯಸ್ಸಿಗೆ ಬರಲು ಇಪ್ಪತ್ತು ವರ್ಷದ ಹತ್ತಿರ ಬೇಕು. ಹೀಗಾಗಿ ಹಿಡಿದಷ್ಟು ಬೇಗ ಸಂತತಿ ತುಂಬಿಕೊಳ್ಳಲಿಲ್ಲ. 2002ರಲ್ಲಿ ‘ಮಿತಿಮೀರಿ ಹಿಡಿದ ಮೀನು’ ಎಂದು ಘೋಷಣೆಯಾಯಿತು.

1. ಹಿಂದಿನ ರಾತ್ರಿಯೇ ಆ ರಾಜ್ಯದ ಮೀನುಗಾರಿಕಾ ಇಲಾಖೆಯ ಜಾಲತಾಣ ನೋಡಿ. ಋತುವಿನ ನಡುವೆಯೂ ನಿಯಮ ಬದಲಾಗುತ್ತದೆ. ಕಳೆದ ವರ್ಷ ಗೆಳೆಯರು ಹೇಳಿದ್ದನ್ನು ನಂಬಿ ಹೋಗಬೇಡಿ. ಲೈಸೆನ್ಸ್ ಜೇಬಿನಲ್ಲಿರಲಿ.

2. ಗುರುತು ಕಲಿಯಿರಿ. ಬೆಳೆದ ಯೆಲ್ಲೋಐ ಕಿತ್ತಳೆ ಕೆಂಪು, ಕಣ್ಣು ಎದ್ದು ಕಾಣುವ ಹಳದಿ, ಕಣ್ಣಿನ ಮೇಲೆ ಒರಟು ಏಣು. ಮರಿಯ ಮೈ ಗಾಢ ಕೆಂಪು, ಪಕ್ಕದಲ್ಲಿ ಎರಡು ಬಿಳಿ ಪಟ್ಟೆ. ಎರಡನ್ನೂ ನೋಡಿದವರು ಒಂದೇ ಜಾತಿ ಅಂದರೆ ನಂಬುವುದೇ ಕಷ್ಟ. ಕ್ಯಾನರಿ ಎಂಬ ಇನ್ನೊಂದು ಕಿತ್ತಳೆ ಮೀನಿನ ಪಕ್ಕದುದ್ದಕ್ಕೂ ಬೂದು ಗೆರೆ ಹಾದಿರುತ್ತದೆ. ಅನುಮಾನ ಬಂದರೆ ಬಿಟ್ಟುಬಿಡಿ, ದಂಡದ ಗೊಡವೆಯೇ ಬೇಡ.

3. ಗಾಳ ಬಿಡುವ ಮುಂಚೆಯೇ ‘ಡಿಸೆಂಡಿಂಗ್ ಡಿವೈಸ್’ ಕೈಗೆಟುಕುವಂತೆ ಸಿದ್ಧ ಮಾಡಿಕೊಳ್ಳಿ. ಮೀನನ್ನು ಮತ್ತೆ ಆಳಕ್ಕೆ ಇಳಿಸುವ ಸಾಧನ ಇದು. ಆರೆಗನ್ ಮತ್ತು ವಾಷಿಂಗ್ಟನ್‌ನಲ್ಲಿ ದೋಣಿಯಲ್ಲಿ ಇದು ಇರಲೇಬೇಕು ಎಂಬ ನಿಯಮ 2017ರಿಂದ ಇದೆ. ಮೀನಿನ ತುಟಿ ಹಿಡಿದು, ನಿಗದಿತ ಆಳದ ಒತ್ತಡಕ್ಕೆ ತಾನೇ ಬಾಯಿ ಬಿಡುವ ಇಕ್ಕಳಗಳು ಅಂಗಡಿಯಲ್ಲಿ ಸಿಗುತ್ತವೆ. ಹಾಲಿನ ಕ್ರೇಟನ್ನು ತಲೆಕೆಳಗು ಮಾಡಿ, ಭಾರ ಮತ್ತು ಹಗ್ಗ ಕಟ್ಟಿದರೂ ಕೆಲಸ ಆಗುತ್ತದೆ.

4. ಸಿಕ್ಕಿತೇ? ಫೋಟೋ ಆಮೇಲೆ, ಮೊದಲು ಮೀನು. 90 ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಸುಮಾರು ಹತ್ತು ಪಟ್ಟು. ಮೇಲೆ ಬರುತ್ತಿದ್ದಂತೆ ಹೊಟ್ಟೆಯೊಳಗಿನ ಗಾಳಿಚೀಲ ಉಬ್ಬುತ್ತದೆ, ಕಣ್ಣು ಹೊರಚಾಚುತ್ತದೆ, ಬಾಯಿಂದ ಗುಲಾಬಿ ಬಣ್ಣದ ಬಲೂನು ಹೊರಬರುತ್ತದೆ. ಅದು ಗಾಳಿಚೀಲ ಅಂದುಕೊಂಡು ಎಷ್ಟೋ ಜನ ಸೂಜಿ ಚುಚ್ಚುತ್ತಾರೆ. ಅದು ಮೀನಿನ ಜಠರ! ಚುಚ್ಚಲೇಬೇಡಿ. ಸುಮ್ನೆ ನೀರಿಗೆ ಎಸೆದರೂ ಆಗದು, ಬೆಂಡಿನ ಹಾಗೆ ತೇಲುತ್ತಲೇ ಇರುತ್ತದೆ, ಕಡಲಹಕ್ಕಿ ಕುಕ್ಕುತ್ತದೆ.

5. ಕೈ ಒದ್ದೆ ಮಾಡಿಕೊಂಡು ಗಾಳ ಬಿಡಿಸಿ. ಬೆನ್ನಿನ ಮುಳ್ಳು ಚುಚ್ಚೀತು, ಹುಷಾರು. ಸಾಧನಕ್ಕೆ ಸಿಕ್ಕಿಸಿ, ಒಂದೆರಡು ನಿಮಿಷದೊಳಗೆ ಇಳಿಸಿ. ಸಾಧ್ಯವಾದರೆ ಹಿಡಿದ ಆಳಕ್ಕೇ, ಇಲ್ಲದಿದ್ದರೆ ಕನಿಷ್ಠ 30 ಮೀಟರ್. ಕೆಳಗೆ ಹೋದಂತೆ ಗಾಳಿ ಕುಗ್ಗುತ್ತದೆ, ಮೀನು ತಾನೇ ಈಜಿ ಹೋಗುತ್ತದೆ. ಅಲಾಸ್ಕಾದಲ್ಲಿ ನಡೆದ ಅಧ್ಯಯನವೊಂದರಲ್ಲಿ ಹೀಗೆ ಆಳದಲ್ಲಿ ಬಿಟ್ಟ ಯೆಲ್ಲೋಐಗಳಲ್ಲಿ ಶೇ 98ರಷ್ಟು ಬದುಕಿದವು. ಮೇಲ್ಮೈಯಲ್ಲೇ ಬಿಟ್ಟವುಗಳಲ್ಲಿ ಬದುಕಿದ್ದು ಶೇ 22 ಮಾತ್ರ.

6. ಒಂದು ಸಿಕ್ಕಿದ ಬಂಡೆಯ ಸುತ್ತ ಇನ್ನೂ ಇರುತ್ತವೆ. ಮತ್ತೆ ಅಲ್ಲೇ ಗಾಳ ಹಾಕದೆ, ದೋಣಿಯನ್ನು ಕಡಿಮೆ ಆಳದ ಕಡೆ ತಿರುಗಿಸಿ.