ಟರ್ಬೊ ಪೈಪಿನ ಒಳಗಿನ ತುಕ್ಕು: ಪೈಪನ್ನೇ ತೊಟ್ಟಿ ಮಾಡಿದೆ

ನಮ್ಮ ಶಹಾಪುರದ ಕಡೆ ಭತ್ತದ ಕಟಾವು ಮಷಿನ್ ದುಡಿಯುವುದು ಎರಡು ಸುಗ್ಗಿಯಲ್ಲಿ ಮಾತ್ರ. ನಾರಾಯಣಪುರ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಎರಡು ಬೆಳೆ, ಇಲ್ಲದಿದ್ದರೆ ಒಂದೇ. ಉಳಿದ ತಿಂಗಳೆಲ್ಲ ಮಷಿನ್ ಬಯಲಲ್ಲಿ ತಾಡಪತ್ರಿ ಹೊದ್ದು ನಿಂತಿರುತ್ತದೆ. ಪೈಪಿಗೆ ತುಕ್ಕು ಹತ್ತುವುದು ಹಾಗೆ ನಿಂತಾಗಲೇ. ಏರ್ ಫಿಲ್ಟರಿನಿಂದ ಟರ್ಬೊಗೆ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ), ಟರ್ಬೊದಿಂದ ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ ಹೋಗುವ ಉಕ್ಕಿನ ಪೈಪನ್ನು ಬಿಚ್ಚಿ ತಟ್ಟಿದರೆ ಅಂಗೈ ತುಂಬ ಕೆಂಪು ಹಕ್ಕಳೆ ಬೀಳುತ್ತದೆ. ಅದು ಟರ್ಬೊ ಒಳಗೆ ತಿರುಗುವ ಕಂಪ್ರೆಸರ್ ವೀಲಿಗೆ, ಅಲ್ಲಿಂದ ಸಿಲಿಂಡರಿಗೆ ಹೋದರೆ ಏನಾಗುತ್ತದೆ ಅಂತ ಕೆಲಸದವರಿಗೆ ಹೇಳಬೇಕಿಲ್ಲ.

ಎಲ್ಲರೂ ಮೊದಲು ಮಾಡುವುದು ಆಸಿಡ್. ನಾನೂ ಅದರಿಂದಲೇ ಶುರು ಮಾಡಿದ್ದು. ಬಾತ್‌ರೂಮ್ ತೊಳೆಯುವ ಆಸಿಡ್ ಸುರಿದರೆ ಅರ್ಧ ಗಂಟೆಯಲ್ಲಿ ಪೈಪ್ ಬೆಳ್ಳಗೆ. ಸಂಜೆ ಹೊತ್ತಿಗೆ ಮತ್ತೆ ಕಿತ್ತಳೆ ಬಣ್ಣ. ಎಷ್ಟು ತೊಳೆದರೂ ಬೆಸುಗೆಯ ಸಂದಿಯಲ್ಲಿ ಆಸಿಡ್ ಉಳಿಯುತ್ತದೆ, ಒಳಗೇ ತಿನ್ನುತ್ತದೆ. ಒಂದು ಪೈಪಿನ ಬೆಸುಗೆಯಲ್ಲಿ ಸೂಜಿ ಮೊನೆಯಷ್ಟು ತೂತು ಬಿತ್ತು. ಬೂಸ್ಟ್, ಅಂದರೆ ಟರ್ಬೊ ಒತ್ತಿದ ಗಾಳಿ, ಸೋರಿ ಎಂಜಿನ್ ಕಪ್ಪು ಹೊಗೆ ಬಿಡತೊಡಗಿತು.

ಡ್ರಿಲ್ಲಿಗೆ ತಂತಿ ಬ್ರಷ್ ಕಟ್ಟಿದರೆ ನೇರ ಇರುವ ಕಡೆ ಮಾತ್ರ ಓಡುತ್ತದೆ. ಬೆಂಡ್ ಬಂದಲ್ಲಿ ನಿಲ್ಲುತ್ತದೆ. ತುಕ್ಕು ಜಾಸ್ತಿ ಇರುವುದೇ ಬೆಂಡಿನಲ್ಲಿ ಅಲ್ವಾ? ನೀರು ನಿಲ್ಲುವುದೇ ಅಲ್ಲಿ.

ದೊಡ್ಡ ಏಟು ಬಿದ್ದದ್ದು ಸ್ಯಾಂಡ್ ಬ್ಲಾಸ್ಟಿಂಗಿನಿಂದ, ಅಂದರೆ ಜೋರು ಗಾಳಿಯಲ್ಲಿ ಮರಳು ಹೊಡೆದು ತುಕ್ಕು ಬಿಡಿಸುವುದರಿಂದ. ಹೊರಗಿನ ಒಂದು ಅಂಗಡಿಯಲ್ಲಿ ಮಾಡಿಸಿದ ಪೈಪ್ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. 'ಗಾಳಿ ಹೊಡೆದು ಕ್ಲೀನ್ ಮಾಡಿ ಕೊಟ್ಟೀವಿ' ಅಂದರು. ಬೆಂಡಿನ ಒಳಗೆ ಎಣ್ಣೆ ಪಸೆಗೆ ಮರಳು ಕಚ್ಚಿಕೊಂಡಿತ್ತು. ಮಷಿನ್ ಗದ್ದೆಗೆ ಇಳಿದು ನಾಲ್ಕಾರು ದಿನಕ್ಕೆ ಟರ್ಬೊ ಸಿಳ್ಳೆ ಹಾಕತೊಡಗಿತು. ಬಿಚ್ಚಿ ನೋಡಿದರೆ ವೀಲಿನ ಬ್ಲೇಡುಗಳ ಅಂಚು ಸವೆದು ಮೊಂಡಾಗಿತ್ತು. ಟರ್ಬೊ ರಿಪೇರಿಗೆ ಹತ್ತಿರ ಹತ್ತಿರ 18,000 ರೂಪಾಯಿ. ಅದರ ಮೇಲೆ ಸುಗ್ಗಿಯಲ್ಲಿ ಮಷಿನ್ ನಿಂತ ನಷ್ಟ. ಗಂಟೆಗೆ 2,000ದ ಮೇಲೆ ಬಾಡಿಗೆ ಬರುವ ಮಷಿನ್ ಅದು, ಲೆಕ್ಕ ಹಾಕಿಕೊಳ್ಳಿ. ಅಂದಿನಿಂದ ಟರ್ಬೊ ಪೈಪಿನೊಳಗೆ ಮರಳು, ಗರಸು, ಚೈನ್ ತುಂಡು ಏನನ್ನೂ ನಾನು ಹಾಕುವುದಿಲ್ಲ. ಯಾರು ಹೇಳಿದರೂ ಹಾಕುವುದಿಲ್ಲ.

ಬ್ಯಾಟರಿ ಚಾರ್ಜರ್ ಹಚ್ಚಿ ಬಟ್ಟೆ ಒಗೆಯುವ ಸೋಡಾ ಕಲಸಿದ ನೀರಿನಲ್ಲಿ ತುಕ್ಕು ಬಿಡಿಸುವುದು ಹಳೆಯ ವಿದ್ಯೆ. ಆದರೆ ಬಕೆಟಿನಲ್ಲಿ ಪೈಪ್ ಮುಳುಗಿಸಿದರೆ ಹೊರಗಿನ ತುಕ್ಕು ಹೋಗುತ್ತದೆ, ಒಳಗಿನದು ಹಾಗೇ ಇರುತ್ತದೆ. ಕರೆಂಟ್ ಎದುರಿಗೆ ಕಂಡ ಕಡೆಗೇ ಹೋಗುತ್ತದೆ. ಅದಕ್ಕೆ ನಾನು ಪೈಪನ್ನೇ ತೊಟ್ಟಿ ಮಾಡಿದೆ. ಒಂದು ಬಾಯಿಗೆ ಮರದ ಬೆಣೆ, ಮೇಲೆ ಸೈಕಲ್ ಟ್ಯೂಬ್, ಹೋಸ್ ಕ್ಲಿಪ್. ಒಳಗೆ ಸೋಡಾ ನೀರು. ನಟ್ಟನಡುವೆ ಕಬ್ಬಿಣದ ಸರಳು. ಸರಳಿಗೆ ಪ್ಲಸ್, ಪೈಪಿಗೆ ಮೈನಸ್. ಇದು ಅದಲು ಬದಲಾದರೆ ಪೈಪೇ ಕರಗುತ್ತದೆ.

ನೇರ ಪೈಪಿಗೆ ಸರಳು ಸಾಕು. ಬೆಂಡ್ ಇದ್ದರೆ ಮನೆ ಕಟ್ಟುವವರು ಬಳಸುವ ಬೈಂಡಿಂಗ್ ವೈರ್ ತಗೊಳ್ಳಿ. ಹತ್ತು ಹನ್ನೆರಡು ಎಳೆ ಹೊಸೆದರೆ ಹಗ್ಗದ ಹಾಗೆ ಬಾಗುತ್ತದೆ. ಗೋಡೆಗೆ ತಾಗಿದರೆ ಶಾರ್ಟ್ ಆಗುತ್ತದೆ. ಅದಕ್ಕೆ ಗೇಣಿಗೊಂದರಂತೆ ಡ್ರಿಪ್ ಪೈಪಿನ ತುಂಡು ಪೋಣಿಸುತ್ತೇನೆ. ಆದರೆ ಬೆಂಡಿನಲ್ಲಿ ತಂತಿ ಒಂದು ಬದಿಗೆ ವಾಲುತ್ತದೆ. ಅದನ್ನು ಸರಿಯಾಗಿ ನಡುವೆ ನಿಲ್ಲಿಸುವ ಉಪಾಯ ನನ್ನ ಹತ್ತಿರವೇ ಇರಲಿ, ನನ್ನ ಹೊಟ್ಟೆಪಾಡಿನ ವಿಷಯ ಅದು. ಸುಮ್ನೆ ಮಾಡಿದರೂ ಮುಕ್ಕಾಲು ಪಾಲು ಕೆಲಸ ಆಗುತ್ತದೆ.

ಸರಳು ಸ್ಟೀಲಿನದು ಹಾಕಿದರೆ ಸವೆಯುವುದಿಲ್ಲ ಅಂತ ಒಬ್ಬರು ಹೇಳಿದ್ದರು. ಬೇಡ. ಸ್ಟೇನ್‌ಲೆಸ್ ಸ್ಟೀಲಿನಲ್ಲಿರುವ ಕ್ರೋಮಿಯಂ ನೀರಿಗೆ ಬಿಡುತ್ತದೆ, ಅದು ವಿಷ. ನೀರಿಗೆ ಉಪ್ಪನ್ನೂ ಹಾಕಬೇಡಿ, ಕ್ಲೋರಿನ್ ಗಾಳಿ ಏಳುತ್ತದೆ. ನಮ್ಮ ಬೋರ್ ನೀರೇ ಸವುಳು. ಅದಕ್ಕೆ ನಾನು 5 ರೂಪಾಯಿ ಕಾಯಿನ್ ಹಾಕಿ ಶುದ್ಧ ನೀರಿನ ಘಟಕದಿಂದ ಕ್ಯಾನ್ ತುಂಬಿಸಿ ತರುತ್ತೇನೆ. ಮೂರು ಇಂಚಿನ, ನಾಲ್ಕು ಅಡಿ ಪೈಪಿಗೆ ಐದಾರು ಲೀಟರ್ ಹಿಡಿಯುತ್ತದೆ. ಅದಕ್ಕೆ ಎರಡು ದೊಡ್ಡ ಚಮಚ ಬಟ್ಟೆ ಸೋಡಾ.

ಮೊದಲು ಎಣ್ಣೆ ಹೋಗಬೇಕು. ಎಂಜಿನ್ನಿನ ಆವಿ ಹೊರಬಿಡುವ ಬ್ರೀದರ್ ಕೊಳವೆಯಿಂದ ಬಂದ ಎಣ್ಣೆ ಪದರ ಇದ್ದರೆ ಕರೆಂಟ್ ಏನೂ ಮಾಡುವುದಿಲ್ಲ. ಡೀಸೆಲ್ಲಿನಲ್ಲಿ ತೊಳೆದು, ಆಮೇಲೆ ಬಿಸಿನೀರು, ಸೋಪಿನ ಪುಡಿ. ಇದರಲ್ಲಿ ಅವಸರ ಮಾಡಿದವರು 'ಕರೆಂಟಿನಿಂದ ಏನೂ ಆಗಲ್ಲ' ಅಂತ ಹೇಳಿಕೊಂಡು ತಿರುಗುತ್ತಾರೆ.

ಮೊದಲ ದೊಡ್ಡ ಕೆಲಸ ನಮ್ಮ ಗೌಡರ ಮಷಿನಿನದು. ಬೇವಿನ ಗಿಡದ ಕೆಳಗೆ ಪೈಪ್ ನಿಲ್ಲಿಸಿ ಚಾರ್ಜರ್ ಹಚ್ಚಿದ್ದೆ. ಅವರು ಬಂದು ನೋಡಿ, "ಮಿಸ್ತ್ರಿ, ಇನ್ನೊಂದು ವಾರದಾಗ ಕಟಾವು ಶುರು ಆಗ್ತದ. ನೀ ನೀರಾಗ ಕರೆಂಟ್ ಬಿಟ್ಕೊಂಡು ಕುಂತೀಯಲ್ಲ" ಅಂದರು. "ಗೌಡ್ರೇ, ನಾಳೆ ಮುಂಜಾನೆ ಬರ್ರಿ, ನಿಮ್ಮ ಕಣ್ಣಿಲೆ ನೋಡ್ರಿ" ಅಂದೆ. ಪಕ್ಕದ ಗ್ಯಾರೇಜಿನ ಹಿರಿಯ ಉಸ್ತಾದರೂ ತಲೆ ಅಲ್ಲಾಡಿಸಿ ಹೋದರು.

ಐದು ಆಂಪಿಯರಿನ ಆಸುಪಾಸು, ರಾತ್ರಿಯಿಡೀ. ಮೇಲೆ ಕಂದು ನೊರೆ ಉಕ್ಕುತ್ತದೆ, ಸಣ್ಣ ಗುಳ್ಳೆ ಸರಸರ ಏಳುತ್ತವೆ. ಆ ಗುಳ್ಳೆ ಹೈಡ್ರೋಜನ್. ಬೀಡಿ ಸೇದುವವರನ್ನು ದೂರ ಇಡಿ. ಮುಚ್ಚಿದ ಕೋಣೆಯಲ್ಲಿ ಮಾಡಬೇಡಿ. ಕ್ಲಿಪ್ ತೆಗೆಯುವ ಮೊದಲು ಚಾರ್ಜರಿನ ಸ್ವಿಚ್ ಆಫ್ ಮಾಡಿ.

ಮುಂಜಾನೆ ಗೌಡರ ಎದುರಿಗೇ ನೀರು ಚೆಲ್ಲಿ, ಹಗ್ಗಕ್ಕೆ ಬಟ್ಟೆ ಕಟ್ಟಿ ಎಳೆದೆ. ಕಪ್ಪು ಕೆಸರು ಬಂತು. ಎರಡು ಮೂರು ಸಲ ಎಳೆದ ಮೇಲೆ ಮೊಬೈಲಿಗೆ ಹಚ್ಚುವ ಸಣ್ಣ ಕ್ಯಾಮೆರಾ ಒಳಗೆ ಬಿಟ್ಟು ತೋರಿಸಿದೆ. ಗೋಡೆ ಬೂದು ಬಣ್ಣ, ಬೆಂಡಿನ ಒಳಗಿನ ಬೆಸುಗೆಯ ಗೆರೆ ಗೆರೆಯಾಗಿ ಕಾಣುತ್ತಿತ್ತು. ಅಷ್ಟು ವರ್ಷದಲ್ಲಿ ಆ ಬೆಸುಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಉಸ್ತಾದರೇ ಬಂದು, ಯಾವ ಚಾರ್ಜರ್ ಅಂತ ಕೇಳಿದರು. ಹಳೆಯ ಟ್ರಾನ್ಸ್‌ಫಾರ್ಮರ್ ಚಾರ್ಜರ್. ಈಗಿನ ಹೊಸ ಚಾರ್ಜರುಗಳು ಬ್ಯಾಟರಿ ಕಾಣದಿದ್ದರೆ ಶುರುವೇ ಆಗುವುದಿಲ್ಲ.

ಕರೆಂಟ್ ಹೋಗುವ ದಿನ 100 ವಾಟಿನ ಸೋಲಾರ್ ಪ್ಲೇಟನ್ನು ನೇರ ಹಚ್ಚಿ ನೋಡಿದ್ದೇನೆ. ಬೇಸಿಗೆ ಬಿಸಿಲಿಗೆ ಚೆನ್ನಾಗಿಯೇ ನಡೆಯುತ್ತದೆ, ಎರಡು ಹಗಲು ಬೇಕು ಅಷ್ಟೇ. ಕಾಕಂಬಿ ನೀರಿನಲ್ಲೂ ನೆನೆಸಿ ನೋಡಿದೆ. ತುಕ್ಕು ಬಿಡುತ್ತದೆ, ಸುಳ್ಳಲ್ಲ. ಆದರೆ ಎರಡು ವಾರದ ಮೇಲೆ ಬೇಕು, ನಾತ ತಡೆಯಲಾಗದು, ನೊಣ ಬೇರೆ. ಕ್ಲಾಂಪು, ಬೋಲ್ಟಿಗೆ ಇಟ್ಟುಕೊಂಡಿದ್ದೇನೆ.

ತೊಳೆದ ಮೇಲಿನ ಹತ್ತು ನಿಮಿಷವೇ ಮುಖ್ಯ. ಕುದಿಯುವ ನೀರು ಸುರಿದರೆ ಉಕ್ಕು ಕಾದು ತಾನೇ ಒಣಗುತ್ತದೆ. ಕೊನೆಯ ನೀರಿಗೆ ನಾನೊಂದು ಪುಡಿ ಸೇರಿಸುತ್ತೇನೆ, ಅದರ ಹೆಸರು ಬೇಡ. ಒಣಗಿದ ಕೂಡಲೇ ಎಂಜಿನ್ ಆಯಿಲ್ ಅದ್ದಿದ ಬಟ್ಟೆ ಎಳೆದು, ಇನ್ನೊಂದು ಬಟ್ಟೆಯಿಂದ ಒರೆಸಿಬಿಡಿ. ತೆಳುವಾಗಿ ಉಳಿದರೆ ಸಾಕು. ಒಳಗೆ ರೆಡ್ ಆಕ್ಸೈಡ್ ಹೊಡೆಯುವವರಿದ್ದಾರೆ. ಟರ್ಬೊದ ಬಿಸಿ ಗಾಳಿಗೆ ಆ ಬಣ್ಣ ಸಿಪ್ಪೆ ಏಳುತ್ತದೆ, ಆ ಸಿಪ್ಪೆ ಎಂಜಿನ್ನಿಗೇ ಹೋಗುತ್ತದೆ.

ಗೌಡರ ಪೈಪನ್ನು ಸುಗ್ಗಿ ಮುಗಿದ ಮೇಲೆ ಮತ್ತೆ ಬಿಚ್ಚಿದೆ. ಬಿಳಿ ಬಟ್ಟೆಗೆ ಎಣ್ಣೆ ಮಸಿ ಬಿಟ್ಟರೆ ಕೆಂಪು ಚೂರೂ ಹತ್ತಲಿಲ್ಲ. ಖರ್ಚು ಸೋಡಾ, ತಂತಿ, ಕರೆಂಟ್ ಎಲ್ಲ ಸೇರಿ 100 ರೂಪಾಯಿ ದಾಟುವುದಿಲ್ಲ. ಹೊಸ ಪೈಪಿಗೆ ಐದಾರು ಸಾವಿರ, ಬರುವವರೆಗೆ ಕಾಯಬೇಕು ಬೇರೆ. ನಾನು ಪೈಪಿಗೆ 700 ತಗೋತೀನಿ.

ಅಲ್ಯೂಮಿನಿಯಂ ಪೈಪ್, ಇಂಟರ್‌ಕೂಲರ್ ಮಾತ್ರ ತರಬೇಡಿ, ಸೋಡಾ ನೀರು ಅದನ್ನು ತಿಂದುಹಾಕುತ್ತದೆ. ಉಕ್ಕಿನದು ಇದ್ದವರು ಸುಗ್ಗಿಗೆ ತಿಂಗಳ ಮೊದಲೇ ತನ್ನಿ. ಮಷಿನ್ ಗದ್ದೆಗೆ ಇಳಿದ ಮೇಲೆ ನನ್ನ ಹತ್ತಿರ ಇರುವುದು ಒಂದೇ ಚಾರ್ಜರ್.