ಕ್ಯಾಲೆಂಡರಿಗೊಂದು ಸುತ್ತು: ಮುಟ್ಟು ನಿಲ್ಲುವ ವರ್ಷಗಳನ್ನು ದಾಟುವುದು ಹೇಗೆ?

ಸಕಲೇಶಪುರದ ಹತ್ತಿರವಿರುವ ನಮ್ಮ ಅತ್ತಿಗೆಯ ಅಡುಗೆಮನೆ ಕ್ಯಾಲೆಂಡರಿನಲ್ಲಿ ಇಡೀ ಮನೆಯ ಜಾತಕವಿದೆ. ಗ್ಯಾಸ್ ಸಿಲಿಂಡರ್ ಬಂದ ದಿನ, ಡೇರಿಗೆ ಹಾಲು ಹಾಕದ ದಿನ, ಹಸುವಿಗೆ ಇಂಜೆಕ್ಷನ್ ಕೊಡಿಸಿದ ದಿನ, ತೋಟದ ಆಳುಗಳ ಬಟವಾಡೆ, ಎಲ್ಲವೂ. ಹೋದ ವರ್ಷ ಡಾಕ್ಟರು, 'ಕೊನೆಯ ಸಲ ಮುಟ್ಟಾಗಿದ್ದು ಯಾವಾಗ?' ಎಂದು ಕೇಳಿದಾಗ ಮಾತ್ರ ಅತ್ತಿಗೆ ನನ್ನ ಮುಖ ನೋಡಿದರು. 'ಕಾಫಿ ಕುಯ್ಲಲ್ಲಿ ಒಂದ್ಸಲ ಆಗಿತ್ತು ಅನ್ಸ್ತದೆ.' ಈ ವರ್ಷದ ಕುಯ್ಲೋ, ಹೋದ ವರ್ಷದ್ದೋ? ಅದೂ ನೆನಪಿಲ್ಲ. ಹಸು ಬೆದೆಗೆ ಬಂದ ತಾರೀಕನ್ನಾದರೆ ನಿದ್ದೆಗಣ್ಣಲ್ಲೂ ಹೇಳುತ್ತಾರೆ.

ನಮ್ಮ ಕಡೆ ಈ ವಿಷಯಕ್ಕೆ ಇರುವುದು ಎರಡೇ ಮಾತು: 'ಉಷ್ಣ ಆಗಿದೆ' ಅಥವಾ 'ವಯಸ್ಸಾಯ್ತಲ್ಲ'. ಎರಡರಲ್ಲೂ ಸ್ವಲ್ಪ ನಿಜವಿದೆ, ಎರಡರಿಂದಲೂ ಉಪಯೋಗವಿಲ್ಲ. ಆದ್ದರಿಂದ ಒಂದೊಂದೇ ಹೆಜ್ಜೆಯಾಗಿ ನೋಡೋಣ.

ಮೊದಲು ಪೆನ್ನು, ಆಮೇಲೆ ಮಾತ್ರೆ

ಸತತ 12 ತಿಂಗಳು ಮುಟ್ಟು ಕಾಣಿಸಿಕೊಳ್ಳದಿದ್ದರೆ ಮಾತ್ರ ಮುಟ್ಟು ನಿಂತಿದೆ ಎಂದು ಲೆಕ್ಕ. ಹೆಚ್ಚಿನವರಿಗೆ ಇದು 45ರಿಂದ 55ರೊಳಗೆ ಆಗುತ್ತದೆ. ನಮ್ಮ ದೇಶದ ಹೆಂಗಸರಿಗೆ ಸರಾಸರಿ 46–47ಕ್ಕೇ ಬರುತ್ತದೆ. ಅದಕ್ಕೂ ಮೊದಲಿನ ನಾಲ್ಕೈದು ವರ್ಷವೇ ನಿಜವಾದ ಗೋಳು. ಒಂದು ತಿಂಗಳು 20 ದಿನಕ್ಕೆ, ಇನ್ನೊಂದು ಸಲ ಎರಡು ತಿಂಗಳಿಗೆ. ಒಮ್ಮೆ ಬರೀ ಕಲೆ, ಒಮ್ಮೆ ಕೆರೆ ಕೋಡಿ ಬಿದ್ದ ಹಾಗೆ. 40 ತುಂಬುವ ಮೊದಲೇ ನಿಂತರೆ ಅದು ಸಹಜವಲ್ಲ, ಕಡ್ಡಾಯವಾಗಿ ಡಾಕ್ಟರಿಗೆ ತೋರಿಸಬೇಕು.

ಮಾಡಬೇಕಾದ್ದು ಇಷ್ಟೇ. ಮುಟ್ಟಾದ ದಿನಕ್ಕೆ ಒಂದು ಸುತ್ತು ಹಾಕಿ. ಹೆಚ್ಚು ಹೋದರೆ ಪಕ್ಕದಲ್ಲಿ ಅಡ್ಡಗೆರೆ. ಮೈ ಝಳ (ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುವುದು) ಬಂದ ರಾತ್ರಿಗೆ ಒಂದು ಚುಕ್ಕಿ, ನಿದ್ದೆ ಬಾರದ ರಾತ್ರಿಗೆ ಒಂದು ನಕ್ಷತ್ರ. ಮನೆಯವರು ಏನೆಂದು ಕೇಳಿದರೆ ಹಾಲಿನ ಲೆಕ್ಕ ಅನ್ನಿ. ಮೂರು ತಿಂಗಳು ಕಳೆಯುವಷ್ಟರಲ್ಲಿ ಡಾಕ್ಟರಿಗೆ ಬೇಕಾದ ಮುಕ್ಕಾಲು ಉತ್ತರ ಆ ಹಾಳೆಯ ಮೇಲೇ ಇರುತ್ತದೆ.

ಎಲ್ಲವನ್ನೂ ಇದರ ತಲೆಗೇ ಕಟ್ಟಬೇಡಿ

ಸುಸ್ತು, ಕೂದಲು ಉದುರುವುದು, ತೂಕ ಏರುವುದು, ಎದೆ ಬಡಿತ, ಮರೆವು. ಇವೆಲ್ಲ ಥೈರಾಯ್ಡ್ ಏರುಪೇರಿನಿಂದಲೂ, ಇವುಗಳಲ್ಲಿ ಹಲವು ರಕ್ತಹೀನತೆಯಿಂದಲೂ ಬರುತ್ತವೆ. ಆದ್ದರಿಂದ ಒಮ್ಮೆ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಬಿಪಿ ನೋಡಿಸಿಬಿಡಿ. 45 ದಾಟಿ, ಮುಟ್ಟು ಏರುಪೇರಾಗಿ, ಝಳವೂ ಬರುತ್ತಿದ್ದರೆ ಸಾಮಾನ್ಯವಾಗಿ ದುಬಾರಿ ಹಾರ್ಮೋನ್ ಪರೀಕ್ಷೆ ಬೇಕಿಲ್ಲ. ಆ ವರ್ಷಗಳಲ್ಲಿ ಹಾರ್ಮೋನ್ ವಾರದಿಂದ ವಾರಕ್ಕೆ ಏರಿಳಿಯುತ್ತದೆ, ಒಂದು ದಿನದ ರಿಪೋರ್ಟಿನಿಂದ ಏನೂ ಇತ್ಯರ್ಥವಾಗುವುದಿಲ್ಲ.

30 ದಾಟಿದ ಎಲ್ಲರಿಗೂ ಬಿಪಿ, ಸಕ್ಕರೆ, ಬಾಯಿ, ಸ್ತನ ಮತ್ತು ಗರ್ಭಕೋಶದ ಕೊರಳಿನ ಕ್ಯಾನ್ಸರ್ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿ, ನಿಮ್ಮೂರಿಗೆ ಯಾವ ಆರೋಗ್ಯ ಕೇಂದ್ರ ಎಂದು ಹೇಳುತ್ತಾರೆ. ಮುಟ್ಟು ನಿಂತ ಮೇಲೆ ಈ ತಪಾಸಣೆ ಬೇಡ ಎಂದು ಬಹಳ ಜನ ತಿಳಿದಿದ್ದಾರೆ. ಅದು ತಪ್ಪು, ಬೇಕು.

ಝಳ ಬಂದಾಗ

ಡಿಸೆಂಬರಿನ ಚಳಿ. ಚಿಕ್ಕಮಗಳೂರು ಬಸ್ಸಿನಲ್ಲಿ ಎಲ್ಲರೂ ಸ್ವೆಟರ್, ಮಫ್ಲರ್ ಸುತ್ತಿ ಕೂತಿದ್ದಾರೆ. ನಾನೊಬ್ಬಳು ಕಿಟಕಿ ಪೂರಾ ತೆಗೆದು ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದೇನೆ. ಹಿಂದಿನ ಸೀಟಿನ ಅಜ್ಜ, 'ಕಿಟಕಿ ಹಾಕವ್ವ, ಥಂಡಿ' ಎಂದು ಮೂರು ಸಲ ಹೇಳಿದರು. ಎದೆಯಿಂದ ಕತ್ತಿಗೆ, ಕತ್ತಿನಿಂದ ಮುಖಕ್ಕೆ ಒಲೆ ಬಾಯಿ ತೆರೆದ ಹಾಗೆ ಬಿಸಿ. ಎರಡು ಮೂರು ನಿಮಿಷಕ್ಕೆ ಬೆವರು. ಆಮೇಲೆ ಅದೇ ಬೆವರಿಗೆ ನಡುಕ. ಆಗ ಅಜ್ಜನ ಮಾತಿಲ್ಲದೆಯೇ ಕಿಟಕಿ ಹಾಕಿದೆ.

ಆಗುವುದೇನೆಂದರೆ, ಇಸ್ತ್ರಿಪೆಟ್ಟಿಗೆ ಒಂದು ಹದಕ್ಕೆ ಕಾದ ಮೇಲೆ ತಾನೇ ಆಫ್ ಆಗುವಂತೆ ಮೈಯ ಶಾಖಕ್ಕೂ ಮೆದುಳಿನ ಹೈಪೋಥಲಾಮಸ್‌ನಲ್ಲಿ ಒಂದು ಹತೋಟಿ ಇದೆ. ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಇಳಿದಾಗ ಆ ಹತೋಟಿ ತೀರಾ ಸೂಕ್ಷ್ಮವಾಗುತ್ತದೆ. ಮೈಶಾಖ ಚೂರು ಏರಿದರೂ 'ಅಯ್ಯೋ ಕಾಯಿತು' ಎಂದು ಚರ್ಮದ ರಕ್ತನಾಳ ಹಿಗ್ಗಿಸಿ ಬೆವರಿಳಿಸುತ್ತದೆ. ಕೆಲವರಿಗೆ ಆರು ತಿಂಗಳಿಗೆ ಮುಗಿಯುತ್ತದೆ, ಹಲವರಿಗೆ ಏಳು ವರ್ಷದವರೆಗೂ ಎಳೆಯುತ್ತದೆ.

ಪದರ ಪದರವಾಗಿ ಬಟ್ಟೆ ಹಾಕಿ. ಒಂದೇ ದಪ್ಪ ಸ್ವೆಟರಿಗಿಂತ ಹತ್ತಿ ರವಿಕೆಯ ಮೇಲೆ ತೆಳ್ಳನೆ ಶಾಲು ವಾಸಿ. ಕಂಬಳಿಯ ಕೆಳಗೆ ಒಂದು ಹತ್ತಿ ಹೊದಿಕೆ ಇರಲಿ. ಝಳ ಶುರುವಾದ ಕೂಡಲೇ ಉಸಿರನ್ನು ನಿಧಾನವಾಗಿ ಎಳೆದು ನಿಧಾನವಾಗಿ ಬಿಡಿ, ತಣ್ಣೀರು ಗುಟುಕರಿಸಿ. ಮೈತೂಕ ಹೆಚ್ಚಿದ್ದರೆ ಸ್ವಲ್ಪ ಇಳಿಸಿದರೂ ಝಳ ತಗ್ಗುತ್ತದೆ. ಎಳನೀರು, ಮಜ್ಜಿಗೆ, ಕಾಮಕಸ್ತೂರಿ ಬೀಜ ಕುಡಿದರೆ ಹಿತ, ಬೇಡ ಎನ್ನುವುದಿಲ್ಲ. ಹಾರ್ಮೋನ್ ಇಳಿದದ್ದನ್ನು ಅವು ತುಂಬುವುದಿಲ್ಲ, ಅಷ್ಟೇ.

ಇನ್ನು ಕಾಫಿ. ಬಾಬಾಬುಡನ್‌ಗಿರಿಯ ನೆರಳಲ್ಲಿ ಕೂತು ಕಾಫಿ ಬಿಡಿ ಎಂದರೆ ನನ್ನನ್ನು ಯಾರೂ ಮನೆಗೆ ಸೇರಿಸುವುದಿಲ್ಲ. ಎಲ್ಲರೂ ಬಿಡಬೇಕಿಲ್ಲ. ಕೆಲವರಿಗೆ ಕಾಫಿ, ಕೆಲವರಿಗೆ ಖಾರದ ಸಾರು, ಕೆಲವರಿಗೆ ಒಲೆ ಮುಂದಿನ ಕೆಲಸವೇ ಝಳ ಎಬ್ಬಿಸುತ್ತದೆ. ಎರಡು ವಾರ ಮಧ್ಯಾಹ್ನದ ಮೇಲೆ ಕಾಫಿ ನಿಲ್ಲಿಸಿ, ಕ್ಯಾಲೆಂಡರಿನ ಚುಕ್ಕಿ ಎಣಿಸಿ. ಕಡಿಮೆಯಾದರೆ ನಿಮ್ಮ ಶತ್ರು ಸಿಕ್ಕಿತು. ಆಗದಿದ್ದರೆ ಕುಡಿಯಿರಿ. ನನಗೆ ಸಂಜೆಯ ಲೋಟ ಬಿಟ್ಟಿದ್ದರಿಂದ ಝಳವೇನೂ ತಗ್ಗಲಿಲ್ಲ, ನಿದ್ದೆ ಮಾತ್ರ ಬಂತು.

ಹಾರ್ಮೋನ್ ಮಾತ್ರೆಯ ಭಯ

ದಿನಕ್ಕೆ ಹತ್ತು ಸಲ ಝಳ, ರಾತ್ರಿ ಮೂರು ಸಲ ಬಟ್ಟೆ ಬದಲು, ಹೀಗಿದ್ದರೆ ಸಹಿಸಿಕೊಂಡು ಯಾರಿಗೂ ಏನೂ ಸಾಬೀತು ಮಾಡಬೇಕಿಲ್ಲ. ಝಳಕ್ಕೆ ಅತ್ಯಂತ ಚೆನ್ನಾಗಿ ಕೆಲಸ ಮಾಡುವುದು ಹಾರ್ಮೋನ್ ಚಿಕಿತ್ಸೆಯೇ. 2002ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ಸ್ತನ ಕ್ಯಾನ್ಸರ್ ಮತ್ತು ಹೃದಯದ ಅಪಾಯದ ಮಾತೆತ್ತಿದ ಮೇಲೆ ಜಗತ್ತಿನಾದ್ಯಂತ ಹೆಂಗಸರೂ ಡಾಕ್ಟರುಗಳೂ ಇದನ್ನು ಕೈಬಿಟ್ಟರು. ಆ ಅಧ್ಯಯನದಲ್ಲಿದ್ದವರ ಸರಾಸರಿ ವಯಸ್ಸು 63. ಆಮೇಲಿನ ವಿಶ್ಲೇಷಣೆಗಳಿಂದ ತಿಳಿದದ್ದು: 60ರೊಳಗಿನ, ಅಥವಾ ಮುಟ್ಟು ನಿಂತು 10 ವರ್ಷ ದಾಟದ ಆರೋಗ್ಯವಂತ ಹೆಂಗಸರಿಗೆ ಸಾಮಾನ್ಯವಾಗಿ ಅಪಾಯಕ್ಕಿಂತ ಉಪಯೋಗ ಹೆಚ್ಚು.

ಎಲ್ಲರಿಗೂ ಆಗುವುದಿಲ್ಲ. ಸ್ತನ ಕ್ಯಾನ್ಸರ್ ಆದವರು, ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದವರು, ಪಾರ್ಶ್ವವಾಯು ಅಥವಾ ಹೃದಯಾಘಾತವಾದವರು, ಲಿವರ್ ಕಾಯಿಲೆ ಇರುವವರು, ಕಾರಣ ತಿಳಿಯದ ರಕ್ತಸ್ರಾವ ಇರುವವರು ಇದನ್ನು ತೆಗೆದುಕೊಳ್ಳಬಾರದು. ಗರ್ಭಕೋಶ ಇರುವವರಿಗೆ ಈಸ್ಟ್ರೋಜನ್ ಒಂದನ್ನೇ ಕೊಡಬಾರದು, ಜೊತೆಗೆ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನ್ ಬೇಕೇ ಬೇಕು. ಇಲ್ಲದಿದ್ದರೆ ಗರ್ಭಕೋಶದ ಒಳಪದರ ದಪ್ಪವಾಗಿ ಕ್ಯಾನ್ಸರಿಗೆ ದಾರಿಯಾಗಬಹುದು. ಹಾಗಾಗಿ ನಾದಿನಿಯ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ಮಾತ್ರೆ ಕೇಳುವ ಕೆಲಸ ಇಲ್ಲಿ ಬೇಡ. ಹಾರ್ಮೋನ್ ಹೊಂದದವರಿಗೆ ಬೇರೆ ಮಾತ್ರೆಗಳಿವೆ. ಖಿನ್ನತೆಗೆ ಕೊಡುವ ಕೆಲವು ಔಷಧಗಳೇ ಸಣ್ಣ ಪ್ರಮಾಣದಲ್ಲಿ ಝಳವನ್ನೂ ತಗ್ಗಿಸುತ್ತವೆ. ಅದನ್ನು ಬರೆದುಕೊಟ್ಟರೆ 'ನನಗೇನು ತಲೆ ಕೆಟ್ಟಿದೆಯಾ' ಎಂದು ಸಿಟ್ಟಾಗಬೇಡಿ.

'ತೆಗೆಸಿಬಿಡಿ' ಎನ್ನುವವರ ಹತ್ತಿರ ಕೇಳಬೇಕಾದ್ದು

ನನಗೆ ಹೆಚ್ಚು ಸಂಕಟ ತರುವ ವಿಷಯ ಇದು. ನಮ್ಮೂರಿನವರೊಬ್ಬರು 38ಕ್ಕೇ ಗರ್ಭಕೋಶ ತೆಗೆಸಿದರು. ಹೆಚ್ಚು ಹೋಗುತ್ತಿತ್ತು, 'ಮಕ್ಕಳಾಗಿವೆ, ಇನ್ನು ಅದ್ಯಾಕೆ' ಎಂದರಂತೆ. ಆಪರೇಷನ್ ಆಗಿ ತಿಂಗಳೊಳಗೆ ಮೈಯೆಲ್ಲ ಉರಿ, ಅಳು, ನಿದ್ದೆಯಿಲ್ಲ. ಅಂಡಾಶಯಗಳನ್ನೂ ತೆಗೆದಿದ್ದಾರೆ ಎಂದು ಗೊತ್ತಾಗಿದ್ದು ಡಿಸ್ಚಾರ್ಜ್ ಕಾರ್ಡನ್ನು ಅವರ ಮಗಳು ಓದಿದಾಗ.

ಎರಡು ಅಂಡಾಶಯವೂ ಹೋದರೆ ನಾಲ್ಕೈದು ವರ್ಷದಲ್ಲಿ ಇಳಿಯಬೇಕಾದ ಹಾರ್ಮೋನ್ ಒಂದೇ ದಿನಕ್ಕೆ ಇಳಿಯುತ್ತದೆ. ಝಳ ತೀವ್ರವಾಗುತ್ತದೆ, ಮೂಳೆ ಬೇಗ ಸವೆಯುತ್ತದೆ, ಹೃದಯದ ಕಾಯಿಲೆಯ ಸಾಧ್ಯತೆ ಏರುತ್ತದೆ. ಬರೀ ಗರ್ಭಕೋಶ ತೆಗೆದು ಅಂಡಾಶಯ ಉಳಿಸಿದರೂ ಮುಟ್ಟು ನಿಲ್ಲುವ ಕಾಲ ಒಂದೆರಡು ವರ್ಷ ಮುಂಚೆ ಬರಬಹುದು. ಕ್ಯಾನ್ಸರ್, ದೊಡ್ಡ ಗೆಡ್ಡೆಯಂಥ ಕಾರಣಗಳಿಗೆ ಆಪರೇಷನ್ ಬೇಕಾಗುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಬರೀ ಹೆಚ್ಚು ಹೋಗುವುದಕ್ಕಾದರೆ ಮೊದಲು ಕೇಳಿ: ಮಾತ್ರೆಯಲ್ಲಿ ನಿಲ್ಲುತ್ತದೆಯೇ? ಗರ್ಭಕೋಶದೊಳಗೆ ಕೂರಿಸುವ, ಹಾರ್ಮೋನ್ ಇರುವ ವಂಕಿ ಹಾಕಿಸಬಹುದೇ? ಅಂಡಾಶಯ ಉಳಿಸುತ್ತೀರಾ? ಸ್ಕ್ಯಾನ್ ರಿಪೋರ್ಟ್ ಹಿಡಿದು ಇನ್ನೊಬ್ಬ ಡಾಕ್ಟರನ್ನೂ ಕೇಳಿ. ಹಾಸನದ ಹಿಮ್ಸ್ ಆಸ್ಪತ್ರೆ, ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆ, ಎರಡು ಕಡೆಯೂ ಸ್ತ್ರೀರೋಗ ವಿಭಾಗವಿದೆ. ಹೋಗಲು ಸರ್ಕಾರಿ ಬಸ್ಸಿಗೆ ಹೆಂಗಸರಿಗೆ 2023ರಿಂದ ಟಿಕೆಟ್ ದುಡ್ಡಿಲ್ಲ. (ಕೊಪ್ಪ, ಶೃಂಗೇರಿ ಕಡೆಯವರು ನಗಬೇಡಿ, ನಿಮ್ಮ ಖಾಸಗಿ ಬಸ್ಸಿಗೆ ಇದು ನಡೆಯದು ಎಂದು ನನಗೂ ಗೊತ್ತು.) 45ಕ್ಕೆ ಮೊದಲೇ ಅಂಡಾಶಯ ಕಳೆದುಕೊಂಡವರು, ಹಾರ್ಮೋನ್ ಬೇಕೇ ಎಂದು ತಾವಾಗಿಯೇ ಡಾಕ್ಟರನ್ನು ಕೇಳಬೇಕು.

ಮೂಳೆಗೆ ಮುದ್ದೆ, ಜೊತೆಗೆ ಇನ್ನಷ್ಟು

ಮುಟ್ಟು ನಿಂತ ಮೊದಲ ಐದಾರು ವರ್ಷಗಳಲ್ಲಿ ಮೂಳೆ ಬಹಳ ವೇಗವಾಗಿ ಸವೆಯುತ್ತದೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಕೈ ಊರಿದರೆ ಮಣಿಕಟ್ಟು ಮುರಿಯುವುದು ಇದಕ್ಕೇ. ಹಾಗಾಗಿ ಮೊದಲ ಔಷಧ ಅಂಗಳದ ಪಾಚಿ ಉಜ್ಜಿಸುವುದು, ಸವೆದ ಹವಾಯಿ ಚಪ್ಪಲಿ ಎಸೆಯುವುದು.

ಈ ವಯಸ್ಸಿಗೆ ದಿನಕ್ಕೆ 1,000ದಿಂದ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಮೊಳಕೆ ಕಟ್ಟಿದ ರಾಗಿಯಾದರೆ ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತದೆ. ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು 240. ಒಂದು ಬಟ್ಟಲು ಮೊಸರು, ಹುರುಳಿಕಾಳು, ಒಂದು ಚಮಚ ಎಳ್ಳು, ಕೆರೆಯ ಸಣ್ಣ ಮೀನನ್ನು ಮುಳ್ಳು ಸಮೇತ ಸೇರಿಸಿದರೆ ಲೆಕ್ಕ ಹತ್ತಿರಕ್ಕೆ ಬರುತ್ತದೆ. ಅರಸೀಕೆರೆ, ಚನ್ನರಾಯಪಟ್ಟಣದ ಮುದ್ದೆಯವರಿಗೆ ಇದು ಸುಲಭ. ಮೂರು ಹೊತ್ತೂ ಅಕ್ಕಿ ತಿನ್ನುವ ನಮ್ಮ ಮಲೆನಾಡಿನವರು ಕಡುಬು, ರೊಟ್ಟಿಯ ಪಕ್ಕ ಕಾಳು, ಮೊಸರು ಇದೆಯೇ ಎಂದು ನೋಡಿಕೊಳ್ಳಬೇಕು. ಡೇರಿಗೆ ಹಾಲು ಹಾಕಿ ತಾನು ಕರಿಕಾಫಿ ಕುಡಿಯುವ ಮನೆಯೊಡತಿಯರು ಎಷ್ಟು ಜನ! ಒಂದು ಲೋಟ ತೆಗೆದಿಟ್ಟುಕೊಳ್ಳಿ.

ಕ್ಯಾಲ್ಸಿಯಂ ಮಾತ್ರೆ ಕೊಟ್ಟಿದ್ದರೆ ಕಬ್ಬಿಣದ ಮಾತ್ರೆಯೊಂದಿಗೆ ನುಂಗಬೇಡಿ, ಬೇರೆ ಬೇರೆ ಹೊತ್ತಿಗಿರಲಿ. ಕಬ್ಬಿಣದ ಮಾತ್ರೆಯ ಹಿಂದೆಮುಂದೆ ಒಂದು ಗಂಟೆ ಕಾಫಿ ಬೇಡ. ವಿಟಮಿನ್ ಡಿಗಾಗಿ ಬಿಸಿಲಿಗೆ ಮೈ ಕಾಯಿಸಿಕೊಳ್ಳಿ, ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮಲೆನಾಡಿಗೆ ಬಿಸಿಲೇ ಅಪರೂಪ. ವಿಟಮಿನ್ ಡಿ ಕಡಿಮೆಯಿದ್ದರೆ ಡಾಕ್ಟರು ಪುಡಿ ಬರೆಯುತ್ತಾರೆ. 60,000 ಯೂನಿಟ್ಟಿನ ಆ ಪೊಟ್ಟಣ ದಿನಾ ಕುಡಿಯುವಂಥದ್ದಲ್ಲ.

'ತೋಟದಲ್ಲಿ ದಿನವೆಲ್ಲ ದುಡೀತೀವಿ, ನಮಗೆಂಥ ವ್ಯಾಯಾಮ?' ಎನ್ನುವವರಿಗೆ ನಡಿಗೆ ಸಾಕಷ್ಟಾಗಿದೆ, ಒಪ್ಪಿದೆ. ಪೇಟೆಯವರು ಹಾಸನದ ಮಹಾರಾಜ ಪಾರ್ಕಿನಲ್ಲೋ ಚಿಕ್ಕಮಗಳೂರಿನ ರತ್ನಗಿರಿ ಬೋರೆಯಲ್ಲೋ ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ ಬಿರುಸಾಗಿ ನಡೆಯಲಿ. ಆದರೆ ಇಬ್ಬರಿಗೂ ಸ್ನಾಯುವಿನ ಬಲ ಬೇರೆಯೇ ಬೇಕು. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರಿ. ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಿ. ಗೋಡೆಗೆ ಅಂಗೈ ಒತ್ತಿ ತಳ್ಳಿ. ವಾರಕ್ಕೆ ಎರಡು ದಿನ, ಅನ್ನ ಬೇಯುವಷ್ಟು ಹೊತ್ತು.

ಯಾರೂ ಬಾಯಿಬಿಡದ್ದು

ಕೆಮ್ಮಿದರೆ, ಸೀನಿದರೆ ಮೂತ್ರ ಜಿನುಗುವುದು. ಒಳಗೆ ಒಣಗಿ ಉರಿಯುವುದು. ಗಂಡನ ಹತ್ತಿರ ಸೇರಲು ನೋವು. ಪದೇಪದೇ ಮೂತ್ರದ ಸೋಂಕು. ಝಳ ವರ್ಷ ಕಳೆದಂತೆ ತಗ್ಗುತ್ತದೆ, ಒಣಗುವುದು ತಾನಾಗಿ ತಗ್ಗುವುದಿಲ್ಲ. ನೀರಿನಾಧಾರಿತ ಜೆಲ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಅಷ್ಟಕ್ಕೆ ಆಗದಿದ್ದರೆ ಒಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಡಾಕ್ಟರು ಬರೆಯುತ್ತಾರೆ, ಅದು ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಜಿನುಗುವುದಕ್ಕೆ, ಮೂತ್ರ ತಡೆಯುವಾಗ ಬಿಗಿ ಹಿಡಿಯುತ್ತೇವಲ್ಲ, ಆ ಸ್ನಾಯುವನ್ನು ಐದು ಸೆಕೆಂಡ್ ಬಿಗಿದು ಐದು ಸೆಕೆಂಡ್ ಬಿಡಿ. ಹತ್ತು ಸಲ, ದಿನಕ್ಕೆ ಮೂರು ಹೊತ್ತು, ಕನಿಷ್ಠ ಮೂರು ತಿಂಗಳು. ಬಸ್ಸಿನಲ್ಲಿ ಕೂತೂ ಮಾಡಬಹುದು, ಯಾರಿಗೂ ಕಾಣುವುದಿಲ್ಲ. ತೋಟದಲ್ಲಿ ಪಾಯಖಾನೆ ಇಲ್ಲವೆಂದು ಬೆಳಗಿನಿಂದ ನೀರೇ ಕುಡಿಯದಿದ್ದರೆ ಸೋಂಕು ಇನ್ನೂ ಹೆಚ್ಚುತ್ತದೆ.

ಇನ್ನೂ ಒಂದು: ಮುಟ್ಟು ಏರುಪೇರಾಗಿದೆ ಎಂದ ಮಾತ್ರಕ್ಕೆ ಬಸಿರಾಗುವುದಿಲ್ಲ ಎಂದೇನಿಲ್ಲ. ಮಕ್ಕಳಾಗದ ಆಪರೇಷನ್ ಆಗದವರು 50ರೊಳಗೆ ಮುಟ್ಟು ನಿಂತರೆ ಎರಡು ವರ್ಷ, 50ರ ಮೇಲಾದರೆ ಒಂದು ವರ್ಷ ಎಚ್ಚರಿಕೆ ಮುಂದುವರಿಸಬೇಕು.

ಮನಸ್ಸು ಸಣ್ಣದಕ್ಕೂ ಸಿಡುಕುತ್ತದೆ, ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿ ಹಳೆಯದೆಲ್ಲ ಎದುರಿಗೆ ಬರುತ್ತದೆ. ಎರಡು ವಾರಕ್ಕಿಂತ ಹೆಚ್ಚು ಏನೂ ಬೇಡವೆನಿಸಿದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಕಾಯದೆ ಹೋಗಬೇಕಾದ ದಿನ

ಮುಟ್ಟು ನಿಂತು 12 ತಿಂಗಳಾದ ಮೇಲೆ ಒಂದು ಹನಿ ರಕ್ತ ಕಂಡರೂ ಹೋಗಿ. 'ಮತ್ತೆ ಮುಟ್ಟಾದೆ' ಎಂದು ನಕ್ಕು ಸುಮ್ಮನಾಗಬೇಡಿ. ಹೆಚ್ಚಿನ ಸಲ ದೊಡ್ಡದೇನೂ ಇರುವುದಿಲ್ಲ, ಆದರೆ ಗರ್ಭಕೋಶದ ಕ್ಯಾನ್ಸರ್ ಮೊದಲು ಮುಖ ತೋರಿಸುವುದು ಹೀಗೆಯೇ. ಗಂಟೆಗೊಂದು ಪ್ಯಾಡ್ ತೋಯ್ದರೂ, ಸ್ತನದಲ್ಲಿ ಗಂಟು ಸಿಕ್ಕರೂ, ಎದೆ ಬಿಗಿದು ಬೆವರಿದರೂ ಅದೇ ದಿನ ಹೊರಡಿ. ಬೆವರೆಲ್ಲ ಝಳವಲ್ಲ.

ಹೋಗುವಾಗ ಕ್ಯಾಲೆಂಡರಿನ ಹಾಳೆಗಳ ಫೋಟೊ ಫೋನಿನಲ್ಲಿರಲಿ, ನುಂಗುತ್ತಿರುವ ಮಾತ್ರೆಗಳ ಸ್ಟ್ರಿಪ್ ಚೀಲದಲ್ಲಿರಲಿ, ಹಳೆಯ ಡಿಸ್ಚಾರ್ಜ್ ಕಾರ್ಡೂ.

ಅತ್ತಿಗೆ ಈಗ ಸುತ್ತು ಹಾಕುತ್ತಾರೆ. ಎಣಿಕೆ ಎಂಟನೇ ತಿಂಗಳಿಗೆ ಬಂದಿತ್ತು. ಯುಗಾದಿಯ ಹಿಂದಿನ ದಿನ, ಒಬ್ಬಟ್ಟಿಗೆ ಬೇಳೆ ಬೇಯಲು ಇಟ್ಟ ಹೊತ್ತಿಗೆ ಮತ್ತೆ ಆಯಿತಂತೆ. ಫೋನ್ ಮಾಡಿ, 'ಮತ್ತೆ ಒಂದರಿಂದಲೇ ಎಣಿಸ್ಬೇಕೇನೇ?' ಎಂದರು. ಹೌದು ಅತ್ತಿಗೆ, ಒಂದರಿಂದಲೇ.